ನಾಲ್ಕು ಗೆರೆಯ ದುರ್ಬೀನು ಮತ್ತು ಶೇಂಗಾ ಎಣ್ಣೆ

ಕನ್ನಡಕದ ಅಂಗಡಿ ಇಟ್ಟವನಿಗೆ ಇಂಥವು ತಪ್ಪಿದ್ದಲ್ಲ. ಊರಿನಲ್ಲಿ ಗಾಜು ಇರುವ ಯಾವ ವಸ್ತು ಕೈಕೊಟ್ಟರೂ ಅದು ಸೀದಾ ನನ್ನ ಮೇಜಿನ ಮೇಲೆ ಬಂದು ಕೂರುತ್ತದೆ. ಚಳ್ಳಕೆರೆಯಲ್ಲಿ ನಾನು ಅಂಗಡಿ ತೆರೆದ ಮೇಲೆ ಟಾರ್ಚು ಬಂದಿದೆ, ಕ್ಯಾಮೆರಾ ಬಂದಿದೆ, ಹೈಸ್ಕೂಲಿನ ಸೂಕ್ಷ್ಮದರ್ಶಕವೂ ಬಂದಿದೆ. ಒಬ್ಬ ಡ್ರೈವರಂತೂ ಮುಂದಿನ ಗಾಜು ಬಿರುಕು ಬಿಟ್ಟಿದೆ ಎಂದು ಬಸ್ಸನ್ನೇ ತಂದು ಬಾಗಿಲಿಗೆ ಅಡ್ಡ ನಿಲ್ಲಿಸಿದ್ದ. ಆದರೆ ತೊಂಬತ್ತರ ದಶಕದ ಕೊನೆಯಲ್ಲಿ ಬಂದ ಆ ಬಂದೂಕಿನ ದುರ್ಬೀನು ಕೆಡಿಸಿದಷ್ಟು ನನ್ನ ತಲೆಯನ್ನು ಬೇರೆ ಯಾವುದೂ ಕೆಡಿಸಿಲ್ಲ. ಇವತ್ತಿಗೂ ಅದರ ವಿಷಯ ನನಗೆ ಪೂರ್ತಿ ಅರ್ಥವಾಗಿಲ್ಲ. ಅರ್ಥವಾಗಿದೆ ಎನ್ನುವವರನ್ನು ನಾನು ನಂಬುವುದೂ ಇಲ್ಲ.

ಅಜ್ಜಿಗೆ ಹೊಂದಿದ ನಂಬರು

ಅದನ್ನು ತಂದವರು ಪರಶುರಾಂಪುರದ ಕಡೆಯ ನಿವೃತ್ತ ಹವಾಲ್ದಾರರು. ನಾವು ನಾಲ್ಕು ಜನ ಸೇರಿ ಒಂದು ಏರ್‌ಗನ್ ಇಟ್ಟುಕೊಂಡು, ಎಣ್ಣೆ ಮಿಲ್ಲೊಂದರ ಹಿಂದಿನ ಖಾಲಿ ಗೋಡೌನಿನಲ್ಲಿ ಪ್ರತಿ ಭಾನುವಾರ ಗುರಿ ಹೊಡೆಯುತ್ತಿದ್ದೆವು. ಹವಾಲ್ದಾರರು ನಮಗೆ ಗುರುಗಳು. ಅದೇ ಮಿಲ್ಲಿನ ಫಿಟ್ಟರು ಬಂದೂಕಿನ ರಿಪೇರಿ ನೋಡುತ್ತಿದ್ದ. ಗುರಿ ಹೊಡೆಯುವುದರಲ್ಲಿ ಗಟ್ಟಿಗ ಎಂದರೆ ಮೊಳಕಾಲ್ಮುರಿನ ಒಬ್ಬ ರೇಷ್ಮೆ ಸೀರೆ ನೇಕಾರ. ದಿನವಿಡೀ ಎಳೆ ನೋಡಿ ಪಳಗಿದ ಕಣ್ಣು ಅವನದು. ನಾನು ಗಾಜಿನವನು.

ದುರ್ಬೀನು ಹವಾಲ್ದಾರರ ಅಳಿಯ ಗಲ್ಫಿನಿಂದ ತಂದದ್ದು. ಕಣ್ಣಿಟ್ಟು ನೋಡಿದರೆ ಒಳಗೆ ಪ್ಲಸ್ ಗುರುತು, ಅದರ ಕೆಳಗೆ ಮೆಟ್ಟಿಲಿನ ಹಾಗೆ ನಾಲ್ಕು ಸಣ್ಣ ಗೆರೆಗಳು. ಗುಂಡು ದೂರ ಹೋದಷ್ಟೂ ಕೆಳಗೆ ಜಗ್ಗುತ್ತದಲ್ಲ, ಅದಕ್ಕೆ ಈ ಏರ್ಪಾಡು. ಹತ್ತಿರದ ಗುರಿಗೆ ಪ್ಲಸ್ಸು, ದೂರವಾದಂತೆಲ್ಲ ಕೆಳಗಿನ ಗೆರೆ ಇಟ್ಟು ಹೊಡೆಯಬೇಕು. ಡಬ್ಬಿಯಲ್ಲಿದ್ದ ಚೀಟಿ ಓದಿದೆ. ಆ ಗೆರೆಗಳು ಒಂದು ದೊಡ್ಡ ರೈಫಲ್ಲಿನ ನಳಿಗೆಗೆ, ಅದರದೇ ಒಂದು ಜಾತಿಯ ಗುಂಡಿಗೆ ಮಾತ್ರ ಹೊಂದುತ್ತವೆ ಎಂದಿತ್ತು.

"ಸಾರ್, ನಮ್ದು ಏರ್‌ಗನ್ ಅಲ್ವಾ?" ಎಂದೆ.

"ಗೆರೆಗೇನ್ ಗೊತ್ತೈತೆ ಯಾವ ಗನ್ನು ಅಂತ? ಮಿಲ್ಟ್ರಿನಾಗೆ ಗೆರೆ ಅಂದ್ರೆ ಗೆರೆ!" ಎಂದರು ಹವಾಲ್ದಾರರು.

ಕಣ್ಣು ತೋರಿಸಲು ಬಂದು ಅಷ್ಟು ಹೊತ್ತಿನಿಂದ ಕಾಯುತ್ತಿದ್ದ ಅಜ್ಜಿಯೊಬ್ಬರು ಮೇಜಿನ ಮೇಲಿದ್ದ ದುರ್ಬೀನನ್ನು ತಾವೇ ಎತ್ತಿ, ಒಂದು ಕಣ್ಣಿಗೆ ಇಟ್ಟುಕೊಂಡು ರಸ್ತೆಯ ಕಡೆ ತಿರುಗಿದರು. "ಯಪ್ಪಾ, ಅಗಾ, ಬಸ್ಸಿನ ಬೋರ್ಡು ಕಾಣ್ತೈತೆ! ನನ್ ನಂಬರು ಇದೇ ಕಣಪ್ಪಾ," ಎಂದರು. ಅದು ಕನ್ನಡಕವಲ್ಲ, ಬಂದೂಕಿನದು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

"ಯಾತರದಾರ ಆಗ್ಲಿ," ಎಂದರು ಅಜ್ಜಿ, "ಇನ್ನೊಂದ್ ಕಣ್ಣಿಗೂ ಇಂಥದ್ದೇ ಒಂದ್ ಕೊಡು."

ಐದು ಸೀರೆ ದೂರ

ನಮ್ಮ ಗನ್ನಿಗೆ ಯಾವ ಗೆರೆ ಎಷ್ಟು ದೂರಕ್ಕೆ ಹೊಂದುತ್ತದೆ ಎಂದು ನಾವೇ ಕಂಡುಹಿಡಿಯಬೇಕಾಯಿತು. ಅದಕ್ಕೆ ಮೊದಲು ದೂರ ಅಳೆಯಬೇಕು. ಹವಾಲ್ದಾರರು ಮಿಲ್ಟ್ರಿ ಹೆಜ್ಜೆ ಹಾಕಿ ಅಳೆದರು. ಆದರೆ ಅವರಿಗೆ ಮಂಡಿ ನೋವು. ಹೊತ್ತೇರಿದಂತೆ ಹೆಜ್ಜೆ ಕಿರಿದಾಗಿ, ಬೆಳಿಗ್ಗೆ ಅಳೆದ ಗೋಡೌನು ಮಧ್ಯಾಹ್ನದ ಹೊತ್ತಿಗೆ ಬೆಳೆದುಬಿಡುತ್ತಿತ್ತು.

ನೇಕಾರ ನೋಡುವಷ್ಟು ನೋಡಿ, ತನ್ನ ಮನೆಮಾತು ತೆಲುಗು ಬೆರೆಸಿ, "ಇದೇಂಟಿ ಸಾರ್ ಇದು! ನಂಗೆ ಬಿಡ್ರಿ," ಎಂದು ಒಂದು ಹುರಿ ತಂದ. ಒಂದು ಸೀರೆಯ ಉದ್ದಕ್ಕೆ ಕತ್ತರಿಸಿದ ಹುರಿ ಅದು. ಮೀಟರು, ಗಜ ಎಂದರೆ ಅವನು ಗಳಿಗೆ ಯೋಚಿಸಬೇಕು, ಸೀರೆ ಎಂದರೆ ನಿದ್ದೆಗಣ್ಣಲ್ಲೂ ತಪ್ಪುವವನಲ್ಲ. ಅವತ್ತಿನಿಂದ ನಮ್ಮಲ್ಲಿ ದೂರವೆಲ್ಲ ಸೀರೆಯ ಲೆಕ್ಕ. ಪ್ಲಸ್ಸಿಗೆ ಒಂದು ಸೀರೆ, ಮೊದಲ ಗೆರೆಗೆ ಎರಡು ಸೀರೆ, ಎರಡನೇ ಗೆರೆಗೆ ಮೂರು ಸೀರೆ, ಹೀಗೆ ಹೊಂದಿಸುತ್ತಾ ಹೋದೆವು. ಐದನೇ ಸೀರೆಗೆ ಬಂದಾಗ ಮಾತ್ರ ನಾಲ್ಕನೇ ಗೆರೆ ಹೊಂದಲೇ ಇಲ್ಲ. ಗುಂಡು ಒಂದು ಗೇಣು ಮೇಲೆ ಹೋಗುತ್ತಿತ್ತು.

ಫಿಟ್ಟರು ತಲೆ ಕೆರೆದುಕೊಂಡು, "ರವಿಕೆ ಕಣ ಸೇರ್ಸಿದೀಯೇನಲೇ?" ಎಂದ.

ನೇಕಾರ ಸೇರಿಸಿರಲಿಲ್ಲ. ಐದು ಸೀರೆಗೂ ರವಿಕೆ ಕಣ ಸೇರಿಸಿ ಗುರಿಯನ್ನು ಅಷ್ಟು ಹಿಂದಕ್ಕೆ ಇಟ್ಟೆವು. ಗೆರೆ ಹೊಂದಿತು! ಹೇಗೆ ಹೊಂದಿತು ಎಂದು ಯಾರೂ ಕೇಳಲಿಲ್ಲ, ನನಗೆ ಕೇಳಲು ಭಯವಾಯಿತು.

ಆ ಖುಷಿಯಲ್ಲಿ ಮನೆಗೆ ಹೋಗಿ ಹೆಂಡತಿಗೆ, "ಇವತ್ತು ಐದು ಸೀರೆ ಹೊಡೆದುಬಿಟ್ವಿ ಕಣೇ, ರವಿಕೆ ಕಣ ಸಮೇತ!" ಎಂದೆ. ಅವಳು ನನ್ನ ಖಾಲಿ ಕೈ ನೋಡಿ, "ಎಲ್ಲಾ ಯಾರಿಗ್ ಕೊಟ್ಟು ಬಂದ್ರಿ?" ಎಂದಳು.

ಸಾಹುಕಾರರ ಟಿನ್ನು

ಹೊಂದಿದ ಗೆರೆ ಮುಂದಿನ ಭಾನುವಾರಕ್ಕೇ ಕೆಟ್ಟಿತು. ಒಂದು ಗುಂಡು ಮೇಲೆ, ಒಂದು ಕೆಳಗೆ. ಗೆರೆ ಸರಿದಿದೆ ಎಂದು ಹವಾಲ್ದಾರರು, ಗಾಜು ಸರಿದಿದೆ ಎಂದು ಫಿಟ್ಟರು ಜಗಳಕ್ಕೆ ನಿಂತರು. ಇಬ್ಬರೂ ಕೊನೆಗೆ ಕೈ ತೋರಿಸಿದ್ದು ನನ್ನ ಕಡೆಗೇ.

ಆಮೇಲೆ ತಿಳಿಯಿತು. ನಮ್ಮಲ್ಲಿ ಎರಡು ಬಗೆಯ ಗುಂಡು ಇದ್ದವು. ದಾವಣಗೆರೆಯಿಂದ ತಂದ ಚಪ್ಪಟೆ ಮೂತಿಯವು ಹಗುರ, ಬಳ್ಳಾರಿಯಿಂದ ತಂದ ಚೂಪು ಮೂತಿಯವು ಭಾರ. ಫಿಟ್ಟರು ಡಬ್ಬಿ ಉಳಿಯಲಿ ಎಂದು ಎರಡನ್ನೂ ಒಂದರಲ್ಲೇ ಸುರಿದಿದ್ದ.

"ಎಲ್ಲಾ ಸೀಸನೇ ಅಲ್ವೇನ್ರಿ?" ಎಂದ.

"ಹಂಗಾರೆ ನಾನೂ ನೀನೂ ಮನುಷ್ಯರೇ, ನನ್ ಪ್ಯಾಂಟು ನಿಂಗೆ ಆಗ್ತೈತೇನಲೇ?" ಎಂದರು ಆರಡಿ ಎತ್ತರದ ಹವಾಲ್ದಾರರು.

ಈ ವಾದ ನಡೆಯುತ್ತಿರುವಾಗಲೇ ನೇಕಾರ ಒಂದು ಭಾರದ ಗುಂಡು ಹಾರಿಸಿದ. ಅದು ಗುರಿ ಬಿಟ್ಟು ಕೆಳಗೆ ಜಗ್ಗಿ, ಬಾಗಿಲ ಪಕ್ಕ ಮಿಲ್ಲಿನವರು ಇಟ್ಟಿದ್ದ ಎಣ್ಣೆ ಟಿನ್ನಿಗೆ ಬಡಿಯಿತು. ಸರಿಯಾಗಿ ಆಗಲೇ ಮಿಲ್ಲಿನ ಸಾಹುಕಾರರು ಬಾಗಿಲಲ್ಲಿ ಬಂದು ನಿಂತರು. ಟಿನ್ನಿನಿಂದ ಶೇಂಗಾ ಎಣ್ಣೆ ಸಣ್ಣಗೆ, ನೀಟಾಗಿ ಧಾರೆ ಕಟ್ಟಿ ಅವರ ಬಿಳಿ ಪಂಚೆಯ ಮೇಲೆ ಬೀಳತೊಡಗಿತು.

ಸಾಹುಕಾರರು ಕೂಗಾಡಲಿಲ್ಲ, ಅದೇ ಭಯ. "ನೋಡ್ರಪ್ಪಾ, ದಸರಾಕ್ಕೆ ದುರ್ಗದಾಗೆ ಏರ್‌ಗನ್ ಪಂದ್ಯ ಐತಂತೆ. ಕಪ್ಪು ಗೆದ್ಕೊಂಡ್ ಬರ್ರಿ. ಇಲ್ಲಾಂದ್ರೆ ಈ ಗೋಡೌನಿಗೆ ಹಿಂಡಿ ಚೀಲ ತುಂಬಿಸ್ತೀನಿ," ಎಂದು ಪಂಚೆ ಎತ್ತಿ ಹಿಡಿದುಕೊಂಡು ಹೊರಟರು.

ನನಗೆ ನಿಜವಾಗಿಯೂ ಸಂಕಟವಾಯಿತು. ವಾರವಿಡೀ ಕಂಡವರ ಕಣ್ಣು ನೋಡುವವನಿಗೆ ಆ ಗೋಡೌನಿನ ಭಾನುವಾರ ಒಂದೇ ನನ್ನದು ಅನ್ನುವ ದಿನ. ಉಳಿದವರ ಮುಖವೂ ಸಪ್ಪಗಿತ್ತು. ನೇಕಾರ ಮಾತ್ರ ಟಿನ್ನಿನ ತೂತಿಗೆ ಬೆರಳಿಟ್ಟುಕೊಂಡು, "ಗುರಿ ತಪ್ಪಿದ್ರೂ ತೂತು ಬಾಗುಂದಿ ಸಾರ್, ಚೆಂದಾಗೈತೆ," ಎಂದ.

ಬೋಂಡಾ ವಾಸನೆ

ಇದಾದ ಮೇಲೆ ಗುಂಡು ಒಂದೇ ಜಾತಿಯದು ಎಂದು ಗಟ್ಟಿ ಮಾಡಿಕೊಂಡೆವು. ಆಶ್ಚರ್ಯವೆಂದರೆ, ಒಂದೆರಡು ವಾರದಲ್ಲಿ ಗನ್ನಿಗೆ ಎಲ್ಲಿಲ್ಲದ ಶಕ್ತಿ ಬಂತು. ಹೊಡೆದರೆ ಢಂ ಎಂದು ಸದ್ದು, ಮೂತಿಯಲ್ಲಿ ಸಣ್ಣ ಹೊಗೆ, ಗುಂಡು ಐದು ಸೀರೆ ದೂರ ಹೋದರೂ ಕೆಳಗೆ ಜಗ್ಗಿದರೆ ಕೇಳಿ. ಗೆರೆಗಳನ್ನೆಲ್ಲ ಹೊಸದಾಗಿ ಹೊಂದಿಸಿದೆವು. ನೇಕಾರನಿಗೆ ತಪ್ಪುವುದೇ ಮರೆತುಹೋಯಿತು.

ತೊಂದರೆ ಒಂದೇ. ನಾಲ್ಕು ಗುಂಡು ಹೊಡೆಯುವಷ್ಟರಲ್ಲಿ ನಮಗೆಲ್ಲ ವಿಪರೀತ ಹಸಿವಾಗುತ್ತಿತ್ತು. ಗೋಡೌನಿನ ತುಂಬ ಬೋಂಡಾ ಕರಿದ ವಾಸನೆ!

ಕೊನೆಗೆ ಫಿಟ್ಟರು ಬಾಯಿಬಿಟ್ಟ. ಕಪ್ಪು ಗೆಲ್ಲಬೇಕಲ್ಲ ಎಂಬ ಕಾಳಜಿಯಿಂದ ದಿನಾ ಗನ್ನಿಗೆ ಎರಡು ಹನಿ ಶೇಂಗಾ ಎಣ್ಣೆ ಬಿಡುತ್ತಿದ್ದನಂತೆ. ಅವನು ಹಾಗೆಯೇ. ಸೈಕಲ್ಲಿಗೆ, ಬಾಗಿಲ ತಿರುಗಣಿಗೆ, ಮಿಲ್ಲಿನ ಗಡಿಯಾರಕ್ಕೆ, ತನ್ನ ಗುಂಗುರು ತಲೆಗೆ, ಎಲ್ಲಕ್ಕೂ ಅದೇ ಎಣ್ಣೆ. ಆ ಎಣ್ಣೆ ಗನ್ನಿನ ಒಳಗೆ ಒತ್ತಿದ ಗಾಳಿಯ ಬಿಸಿಗೆ ಹೊತ್ತಿಕೊಂಡು ಗುಂಡನ್ನು ಜೋರಾಗಿ ತಳ್ಳುತ್ತಿತ್ತು. ಅಂದರೆ ನಮ್ಮ ಗೆರೆಗಳು ಬರೀ ನಳಿಗೆಗೆ, ಗುಂಡಿಗೆ ಹೊಂದಿದ್ದಲ್ಲ, ಎಣ್ಣೆಗೂ ಹೊಂದಿಕೊಂಡಿದ್ದವು.

"ಇದು ನಿಯಮದಾಗೆ ಐತಾ?" ಎಂದು ನಾನು ಕೇಳಿದೆ. ಹವಾಲ್ದಾರರು ಗನ್ನಿನ ಮೂತಿ ಮೂಸಿ ನೋಡಿ, "ಮೊದ್ಲು ಬೋಂಡಾ ತರ್ಸು," ಎಂದರು.

ನಿಯಮದಲ್ಲಿ ತಲೆ ಇಲ್ಲ

ದುರ್ಗದ ಬಸ್ಸು ಹತ್ತುವಾಗ ಫಿಟ್ಟರು ಕಣ್ಣು ಮುಚ್ಚಿ ಏನೋ ಹರಕೆ ಹೊತ್ತ. ಏನೆಂದು ಹೇಳಲಿಲ್ಲ, ಹೇಳಿದರೆ ಫಲಿಸುವುದಿಲ್ಲವಂತೆ. ಆ ಭಕ್ತಿಯಲ್ಲಿ ಗನ್ನಿಗೆಂದು ತಂದ ಎಣ್ಣೆ ಬಾಟಲಿಯನ್ನು ಬಸ್ ಸ್ಟ್ಯಾಂಡಿನಲ್ಲೇ ಬಿಟ್ಟುಬಂದಿದ್ದ.

ಪಂದ್ಯದಲ್ಲಿ ಸೋಡಾ ಮುಚ್ಚಳಗಳನ್ನು ದಾರದಲ್ಲಿ ತೂಗುಹಾಕಿದ್ದರು, ಹತ್ತಿರ ಕೆಲವು, ದೂರ ಕೆಲವು. ಗನ್ನು ಪರೀಕ್ಷೆ ಮಾಡುವವನು ನಮ್ಮದನ್ನು ಮೂಸಿ ನೋಡಿ, "ಏನ್ರಿ ಇಷ್ಟು ಜಿಡ್ಡು?" ಎಂದು ಒಂದೂ ಹನಿ ಉಳಿಯದಂತೆ ಒರೆಸಿಕೊಟ್ಟ. ಪುಣ್ಯಾತ್ಮ, ಉಪಕಾರವೆಂದೇ ಮಾಡಿದ್ದ.

ಹತ್ತಿರದ ಮುಚ್ಚಳಕ್ಕೆ ಹೇಗೋ ತಗಲಿತು. ದೂರದವಕ್ಕೆ ನೇಕಾರ ಯಾವ ಗೆರೆ ಇಟ್ಟರೂ ಗುಂಡು ಸೋತು ಕೆಳಗೆ ಹೋಗುತ್ತಿತ್ತು. ಗೋಡೌನು ಕೈಬಿಟ್ಟಿತು ಎಂದುಕೊಂಡೆ. ನೇಕಾರ ಸುತ್ತ ನೋಡಿದ. ಅವನ ಕಣ್ಣು ಫಿಟ್ಟರನ ತಲೆಯ ಮೇಲೆ ನಿಂತಿತು. ಬಿಸಿಲಿಗೆ ಆ ತಲೆ ಪಳಪಳ ಹೊಳೆಯುತ್ತಿತ್ತು.

"ವಂಗು," ಎಂದ ನೇಕಾರ. ಬಗ್ಗು ಎನ್ನುವುದಕ್ಕೆ ಅವನ ಮನೆಮಾತಿನ ಪದ.

ಫಿಟ್ಟರು ಬಗ್ಗಿದ. ನೇಕಾರ ಗುಂಡನ್ನು ಅವನ ಕೂದಲಿಗೆ ಚೆನ್ನಾಗಿ ತಿಕ್ಕಿ, ಗನ್ನಿಗೆ ಹಾಕಿ ಹೊಡೆದ. ಢಂ! ಹೊಗೆ, ಬೋಂಡಾ ವಾಸನೆ, ಟಣ್ ಎಂದು ಮುಚ್ಚಳದ ಸದ್ದು. ಆಮೇಲೆ ಪ್ರತಿ ಗುಂಡಿಗೂ ಫಿಟ್ಟರು ಆಶೀರ್ವಾದ ತೆಗೆದುಕೊಳ್ಳುವವನ ಹಾಗೆ ಬಗ್ಗುವುದು, ನೇಕಾರ ತಿಕ್ಕುವುದು, ಟಣ್!

ಎದುರಾಳಿಗಳು ಗಲಾಟೆ ಎಬ್ಬಿಸಿದರು. ತೀರ್ಪುಗಾರರು ಕನ್ನಡಕ ಏರಿಸಿ, ನಿಯಮದ ಪುಸ್ತಕವನ್ನು ಹಿಂದೆ ಮುಂದೆ ತಿರುವಿ, ಬೆವರು ಒರೆಸಿಕೊಂಡು ಹೇಳಿದರು: "ಗನ್ನಿನ ಬಗ್ಗೆ ಐತೆ, ಗುಂಡಿನ ಬಗ್ಗೆ ಐತೆ. ತಲೆ ಬಗ್ಗೆ ಏನೂ ಬರೆದಿಲ್ಲ." ಕಪ್ಪು ನಮಗೆ ಬಂತು.

ನಾಲ್ಕನೇ ಗೆರೆ

ಸಾಹುಕಾರರು ಕಪ್ಪನ್ನು ತಿರುಗಿಸಿ ನೋಡಿ, "ಇಂಥವು ಅಂಗಡಿನಾಗೂ ಸಿಗ್ತಾವೆ. ಭಾನುವಾರ ನನ್ ಕಣ್ಣೆದುರಿಗೆ ಹೊಡೆದು ತೋರಿಸ್ರಿ," ಎಂದರು. ನಾವು ಧೈರ್ಯವಾಗಿಯೇ ಒಪ್ಪಿಕೊಂಡೆವು.

ಭಾನುವಾರ ಸಾಹುಕಾರರು ಕುರ್ಚಿ ಹಾಕಿಸಿಕೊಂಡು ಕೂತರು. ಹಿಂಡಿ ಚೀಲ ತುಂಬಿದ ಟ್ರ್ಯಾಕ್ಟರು ಬಾಗಿಲಲ್ಲಿ ತಯಾರಾಗಿ ನಿಂತಿತ್ತು. ಫಿಟ್ಟರು ಮಾತ್ರ ಮೂರು ದಿನದಿಂದ ನಾಪತ್ತೆ. ಬಂದೇ ಬರುತ್ತಾನೆ ಎಂದು ಕಾದೆವು, ಬಂದ. ಕೈಯಲ್ಲಿ ಲಡ್ಡು, ಮುಖದಲ್ಲಿ ನಗು. ತಲೆ ನುಣ್ಣಗೆ ಬೋಳಿಸಿ ಗಂಧ ಬಳಿದಿತ್ತು.

"ಕಪ್ಪು ಬಂದ್ರೆ ಮುಡಿ ಕೊಡ್ತೀನಿ ಅಂತ ತಿಮ್ಮಪ್ಪಂಗೆ ಹರಕೆ ಹೊತ್ತಿದ್ದೆ," ಎಂದ ಫಿಟ್ಟರು. "ತಗೊಳ್ರಿ, ಪ್ರಸಾದ."

"ಅಯ್ಯೋ, ಎಂತ ಪನಿ ಚೇಸಾವಯ್ಯಾ! ಎಂಥಾ ಕೆಲ್ಸ ಮಾಡ್ದೆ!" ಎಂದು ನೇಕಾರ ಕುಸಿದು ಕೂತ. ಹವಾಲ್ದಾರರು, "ನಿನ್ ತಲೆ ನಿಂದೊಬ್ಬಂದೇ ಅನ್ಕೊಂಡಿದೀಯೇನಲೇ?" ಎಂದು ಗದರಿದರು.

ಮಿಲ್ಲಿನಿಂದ ಬೇರೆ ಬಾಟಲಿಯಲ್ಲಿ ಎಣ್ಣೆ ತಂದು ಬಿಟ್ಟು ನೋಡಿದೆವು. ಗಾಬರಿಯಲ್ಲಿ ಹೆಚ್ಚು ಬಿತ್ತೋ ಏನೋ, ಗೋಡೌನಿನ ತುಂಬ ಹೊಗೆ, ಗುಂಡು ಸೂರಿಗೆ ಬಡಿದು ಪಾರಿವಾಳಗಳೆಲ್ಲ ಎದ್ದವು. ನೇಕಾರ ತನ್ನ ತಲೆಗೇ ತಿಕ್ಕಿ ಹೊಡೆದ. ಅವನದು ಕೊಬ್ಬರಿ ಎಣ್ಣೆ, ಗುಂಡು ಒಂದು ಗೆರೆ ಕೆಳಗೆ ಹೋಯಿತು. ನನ್ನ ತಲೆ ಒಣಗಿದ ಹುಲ್ಲು, ಗುಂಡು ಗುರಿಯವರೆಗೂ ಹೋಗಲಿಲ್ಲ. ಹವಾಲ್ದಾರರಿಗೆ ತಲೆಯಲ್ಲಿ ಕೂದಲಿಲ್ಲದೆ ವರ್ಷಗಳೇ ಆಗಿದ್ದವು.

"ಗೊತ್ತಿತ್ತು ಬಿಡ್ರಿ," ಎಂದರು ಸಾಹುಕಾರರು. "ಲೇ, ಟ್ರ್ಯಾಕ್ಟರ್ ಒಳಗೆ ತಗೊಳ್ಳೋ!" ಎಂದು ಕೂಗಿ, ಬೆವರು ಒರೆಸಿಕೊಳ್ಳಲು ಟೋಪಿ ತೆಗೆದರು.

ನಾವು ನಾಲ್ವರೂ ಒಟ್ಟಿಗೆ ನೋಡಿದೆವು. ದಟ್ಟ ಕೂದಲು. ತಮ್ಮ ಮಿಲ್ಲಿನ ಎಣ್ಣೆ ಬಿಟ್ಟು ಬೇರೆ ಎಣ್ಣೆ ಮುಟ್ಟದ ಮನುಷ್ಯ. ಕಿವಿಯ ಹತ್ತಿರ ಜಿಡ್ಡು ಇಳಿಯುತ್ತಿತ್ತು.

ಹವಾಲ್ದಾರರು ಎದುರಿಗೆ ಹೋಗಿ ಅಟೆನ್ಷನ್ ನಿಂತು ಸೆಲ್ಯೂಟ್ ಹೊಡೆದರು. "ಸಾಹುಕಾರ್ರೇ, ತಪ್ಪು ತಿಳ್ಕೊಬೇಡ್ರಿ. ಸ್ವಲ್ಪ ತಲೆ ಬಗ್ಗಿಸ್ತೀರಾ?"

"ಯಾತಕ್ಕೆ?" ಎಂದು ಕೇಳುತ್ತಲೇ ಅವರು ಬಗ್ಗಿದ್ದರು. ಸೆಲ್ಯೂಟಿನ ಮಹಿಮೆ ಅದು. ನೇಕಾರ ತಿಕ್ಕಿದ, ಹೊಡೆದ. ಢಂ! ಬೋಂಡಾ ವಾಸನೆ. ಐದು ಸೀರೆ ದೂರದ ಮುಚ್ಚಳ ಟಣ್ ಎಂದು ಗಿರಗಿರನೆ ತಿರುಗಿತು.

ಫಿಟ್ಟರು ವಿಷಯ ಬಿಡಿಸಿ ಹೇಳಿದ ಮೇಲೆ ಸಾಹುಕಾರರ ಮುಖ ಅರಳಿತು. "ಅಂದ್ರೆ, ಕಪ್ಪು ಗೆದ್ದಿದ್ದು ನಮ್ ಎಣ್ಣೆನಾ?" ಎಂದರು. "ಇನ್ನೊಂದ್ ಹೊಡೀಲೇ!" ಎಂದು ತಾವಾಗಿಯೇ ಮತ್ತೆ ಬಗ್ಗಿದರು. ಟಣ್! "ಇನ್ನೊಂದು!" ಟಣ್!

ಟ್ರ್ಯಾಕ್ಟರಿನ ಡ್ರೈವರು ಒಳಗೆ ಇಣುಕಿ, "ಹಿಂಡಿ ಎಲ್ಲಿ ಇಳಿಸ್ಲಿ ಸಾಹುಕಾರ್ರೇ?" ಎಂದು ಕೇಳಿದ.

ಸಾಹುಕಾರರು ಬಗ್ಗಿಸಿದ ತಲೆ ಎತ್ತಲಿಲ್ಲ. "ನಮ್ ಮನಿ ಪಡಸಾಲೆಗೆ ಇಳಿಸ್ ಹೋಗಲೇ! ಇಲ್ಲಿ ಕೆಲಸ ನಡೀತೈತೆ, ಕಾಣ್ಸಲ್ವಾ?"

ಅವತ್ತು ಹವಾಲ್ದಾರರು ಗೋಡೌನಿನ ಗೋಡೆಯ ಮೇಲೆ ಇದ್ದಿಲಿನಿಂದ ದಪ್ಪಕ್ಷರದಲ್ಲಿ ಬರೆದದ್ದು ಬಹಳ ಕಾಲ ಹಾಗೇ ಇತ್ತು: "ನಾಲ್ಕನೇ ಗೆರೆ: ಐದು ಸೀರೆ, ರವಿಕೆ ಕಣ ಸೇರಿ, ಸಾಹುಕಾರರ ತಲೆ."