ಕಿಟಕಿಯ ಬಳಿಗೆ ವರಮಹಾಲಕ್ಷ್ಮಿ

ಮನೆಯೊಳಗಿನ ಮಬ್ಬು ಬೆಳಕಿನಲ್ಲಿ ಸ್ಪಷ್ಟವಾದ ಫೋಟೋ ತೆಗೆಯುವ ಕಲೆಯನ್ನು ನಾನು ಒಂದೇ ವಾರದಲ್ಲಿ ಕರಗತ ಮಾಡಿಕೊಂಡೆ. ಮೊಬೈಲಿನಲ್ಲಿ ವಿಡಿಯೋ ನೋಡಿ! ಉಸಿರು ಬಿಗಿ ಹಿಡಿಯಬೇಕು, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಳ್ಳಬೇಕು, ಫ್ಲ್ಯಾಶ್ ಮುಟ್ಟಬಾರದು. ಇಷ್ಟೇ ತಾನೇ? ಇಷ್ಟಕ್ಕೆ ಜನ ದೊಡ್ಡ ದೊಡ್ಡ ಕ್ಯಾಮೆರಾ ಕೊಳ್ಳುತ್ತಾರಲ್ಲ ಎಂದು ನನಗೆ ಅಯ್ಯೋ ಪಾಪ ಅನ್ನಿಸಿತು.

ಈ ಸಾಧನೆಗೆ ಕಾರಣ ವರಮಹಾಲಕ್ಷ್ಮಿ ಹಬ್ಬ. ಶ್ರೀಗಂಧದ ಕಾವಲು ಬಡಾವಣೆಯಲ್ಲಿರುವ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಬೆಕ್ಕು ನುಸುಳಬಹುದು, ಬಿಸಿಲು ನುಸುಳಲಾರದು. ಹಾಗಾಗಿ ನಮ್ಮ ದೇವರ ಮೂಲೆಯಲ್ಲಿ ಹಗಲೂ ಕತ್ತಲೆ. ಹೋದ ವರ್ಷ ನನ್ನ ಹೆಂಡತಿ ನಾಗರತ್ನ ಅರ್ಧ ದಿನ ಕೂತು ಲಕ್ಷ್ಮಿಗೆ ಸೀರೆ ಉಡಿಸಿದ್ದಳು. ನಾನು ತೆಗೆದ ಫೋಟೋವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದಾಗ, ಕೆಂಗೇರಿ ಉಪನಗರದಲ್ಲಿರುವ ಅವಳ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಹೊಸ ಕರ್ಟನ್ನಾ?"

ಆ ಗಾಯ ಇನ್ನೂ ಮಾಗಿರಲಿಲ್ಲ.

"ರೀ, ಈ ಸಲ ಅಕ್ಕ ಒಂದೊಂದು ನೆರಿಗೆನೂ ಎಣಿಸ್ಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಬೇರೆ ಯಾರನ್ನಾದ್ರೂ ಕರೀತೀನಿ," ಎಂದಳು ನಾಗರತ್ನ.

"ನೆರಿಗೆ ಏನು, ದಾರದ ಎಳೆ ಎಣಿಸ್ತಾರೆ ಬಿಡು!" ಎಂದು ಅಭಯ ಕೊಟ್ಟೆ.

ಶುಕ್ರವಾರ ಬೆಳಿಗ್ಗೆ ನಾನು ಬಾಳೆ ಎಲೆ ತರುವಷ್ಟರಲ್ಲಿ ಲಕ್ಷ್ಮಿ ಸರ್ವಾಲಂಕೃತಳಾಗಿ ಕುಳಿತಿದ್ದಳು. ಎದುರಿಗೆ ದೀಪ ಉರಿಯುತ್ತಿತ್ತು. ಪೂಜೆ ಮುಗಿದಿದೆ ಎಂದುಕೊಂಡು ಕಾರ್ಯಾಚರಣೆ ಆರಂಭಿಸಿದೆ. ಉಸಿರು ಬಿಗಿ ಹಿಡಿದೆ. ಫೋಟೋ ಅಲುಗಿತು. ಇನ್ನಷ್ಟು ಬಿಗಿ ಹಿಡಿದೆ. ನನಗೇ ತಲೆ ಸುತ್ತಿತು. ಮೊಬೈಲನ್ನು ಅವಲಕ್ಕಿ ಡಬ್ಬಕ್ಕೆ ಒರಗಿಸಿ ಟೈಮರ್ ಇಟ್ಟೆ. ಮೊಬೈಲು ಜಾರಿ, ಲಕ್ಷ್ಮಿಯ ಬದಲು ಸೀಲಿಂಗ್ ಫ್ಯಾನ್ ಬಂತು, ಅದೂ ಅತ್ಯಂತ ಸ್ಪಷ್ಟವಾಗಿ! ಕೊನೆಗೆ ಹಠ ಬಿಟ್ಟು ಫ್ಲ್ಯಾಶ್ ಹಾಕಿದರೆ, ದೇವಿಯ ಬೆಳ್ಳಿ ಮುಖ ಲಾರಿಯ ಹೆಡ್‌ಲೈಟಿನ ಹಾಗೆ ಉರಿಯಿತು.

ಆಗ ವಿಡಿಯೋದಲ್ಲಿ ಹೇಳಿದ್ದ ಕೊನೆಯ ಸೂತ್ರ ನೆನಪಾಯಿತು: ಬೆಳಕು ಸಾಲದಿದ್ದರೆ, ಯಾವುದರ ಫೋಟೋ ಬೇಕೋ ಅದನ್ನೇ ಕಿಟಕಿಯ ಬಳಿಗೆ ಒಯ್ಯಿರಿ.

ಒಯ್ದೆ.

ಮಣೆ ಸಮೇತ ಎತ್ತಿಕೊಂಡು, ಹಾಲ್ ದಾಟಿ, ರಸ್ತೆ ಕಡೆಯ ಕಿಟಕಿಯ ಪಕ್ಕ ಇಳಿಸಿದೆ. ಕ್ಲಿಕ್! ಮುಖ, ಮೂಗುಬೊಟ್ಟು, ನೆರಿಗೆ, ಎಲ್ಲವೂ ಕಣ್ಣಿಗೆ ಕಟ್ಟಿದಂತೆ ಬಂದವು. ಆ ಕ್ಷಣವೇ ಗ್ರೂಪಿಗೆ ಕಳಿಸಿ ಕಾಲರ್ ಸರಿಮಾಡಿಕೊಳ್ಳಲು ಹೋದೆ. ಬನಿಯನ್ನಿಗೆ ಕಾಲರ್ ಇರಲಿಲ್ಲ.

ಅರಿಶಿನ ಕುಂಕುಮಕ್ಕೆ ಕರೆಯಲು ಬಂದ ಎದುರುಮನೆಯ ಜಯಮ್ಮ ಆಂಟಿ ಬಾಗಿಲಲ್ಲೇ ನಿಂತುಬಿಟ್ಟರು. ದೇವರ ಮೂಲೆಯಲ್ಲಿ ದೀಪವೊಂದೇ ಖಾಲಿ ರಂಗೋಲಿಯ ಮುಂದೆ ಉರಿಯುತ್ತಿತ್ತು.

"ಅಯ್ಯೋ, ಏನಪ್ಪಾ ಇದು! ಕಳಶ ಕದಲಿಸ್ಬಿಟ್ಯಾ? ಕದಲಿಸಿದ್ರೆ ವಿಸರ್ಜನೆ ಆದಂಗೆ ಅಲ್ವಾ! ಒಬ್ಬಟ್ಟು ತಿನ್ನೋಕೂ ಬಿಡ್ದೆ ತಾಯೀನ ಕಳಿಸ್ಬಿಟ್ಯಲ್ಲಪ್ಪಾ!"

ಊರಿಗೆ ಊರೇ ಲಕ್ಷ್ಮಿಯನ್ನು ಬಾರಮ್ಮಾ ಎಂದು ಬೇಡಿಕೊಳ್ಳುತ್ತಿರುವ ದಿನ, ಅವಳನ್ನು ಹೊತ್ತುಕೊಂಡು ಹೋಗಿ ಬೀಳ್ಕೊಟ್ಟ ಏಕೈಕ ಗೃಹಸ್ಥ ನಾನು! ಮತ್ತೆ ಅಲ್ಲೇ ಇಟ್ಟರೆ ನಡೆದೀತೇ? ವರ್ಷಕ್ಕೊಂದು ಹಬ್ಬಕ್ಕೆಂದು ನಾಗರತ್ನ ಪಟ್ಟ ಪಾಡನ್ನೆಲ್ಲ ನೆನೆದು ನಿಜಕ್ಕೂ ಸಂಕಟವಾಯಿತು. ಅವಳಿಗೆ ಏನೆಂದು ಹೇಳಲಿ?

ಗಲಾಟೆ ಕೇಳಿ ಅವಳೇ ಕೈಗೆ ಹೂರಣ ಮೆತ್ತಿಕೊಂಡು ಬಂದಳು. ಖಾಲಿ ಮೂಲೆ ನೋಡಿದಳು, ಕಿಟಕಿ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ನಮ್ಮಲ್ಲಿ ಪೂಜೆ ಹತ್ತೂವರೆಗೆ, ಆಂಟಿ. ಇನ್ನೂ ಆವಾಹನೆನೇ ಮಾಡಿಲ್ಲ. ಲಕ್ಷ್ಮಿ ಬಂದಿದ್ರೆ ತಾನೇ ಹೋಗೋದು! ಇವರು ಹೊತ್ಕೊಂಡು ಹೋಗಿರೋದು ಬರೀ ತೆಂಗಿನಕಾಯಿ, ಸೀರೆ."

ಹೋದ ಜೀವ ಬಂದಂತಾಯಿತು! ತಮ್ಮ ಮನೆಯಂತೆ ನಮ್ಮಲ್ಲೂ ಬೆಳಗಿನ ಜಾವವೇ ಪೂಜೆ ಆಗಿದೆ ಎಂದುಕೊಂಡಿದ್ದ ಜಯಮ್ಮ ಆಂಟಿಯೂ ನಕ್ಕುಬಿಟ್ಟರು. ನಾನು ಪೂರ್ತಿ ಉಸಿರು ಬಿಡುವ ಮೊದಲೇ ಮೊಬೈಲು ಟಿಂಗ್ ಎಂದಿತು. ಅಕ್ಕನ ಮೆಸೇಜು. ನಾಗರತ್ನ ಓದಿದಳು: "ನೆರಿಗೆ ಎಣಿಸ್ದೆ ಕಣೇ, ಒಂದೊಂದೂ ಕಾಣ್ತಿದೆ. ಅದರ ಸಂದೀಲಿ ನೀಲಿ ಬಕೆಟ್ಟೂ ಕಾಣ್ತಿದೆ!"

ದೇವಿ ಎತ್ತರವಾಗಿ ಕಾಣಲೆಂದು ನಾಗರತ್ನ ಸೀರೆಯೊಳಗೆ ಹೊಸ ಪ್ಲಾಸ್ಟಿಕ್ ಬಕೆಟ್ಟೊಂದನ್ನು ಬೋರಲು ಹಾಕಿದ್ದಳು. ನಾನು ಎತ್ತಿ ಇಳಿಸಿದ ಭರಾಟೆಗೆ ನೆರಿಗೆ ಸರಿದು ಅದು ಹೊರಗೆ ಇಣುಕಿತ್ತು. ನನ್ನ ಫೋಟೋ ಎಷ್ಟು ಸ್ಪಷ್ಟವಾಗಿತ್ತೆಂದರೆ, ಬಕೆಟ್ಟಿಗೆ ಅಂಟಿಸಿದ್ದ ಬೆಲೆಯ ಚೀಟಿಯನ್ನೂ ಓದಬಹುದಿತ್ತು! ನಾಗರತ್ನಳ ಮುಖ ಕೆಂಪೇರಿತು. ನಾನು ಮೆಲ್ಲಗೆ ಗೇಟಿನ ಕಡೆ ನೋಡಿದೆ.

ಮತ್ತೆ ಟಿಂಗ್! "ನಾನು ಕುಕ್ಕರ್ ಇಡ್ತೀನಿ ಕಣೇ, ಪ್ರತಿ ವರ್ಷ ವಾಲುತ್ತೆ. ಬಕೆಟ್ಟು ಒಳ್ಳೆ ಐಡಿಯಾ. ಯಾವ ಸೈಜು?"

ನಾಗರತ್ನ ನಕ್ಕಳು. ನಕ್ಕೂ ನಕ್ಕೂ ಅಲ್ಲೇ ಕೂತಳು. ಅವಳು ನಕ್ಕಳಲ್ಲ, ನನಗೆ ಹಬ್ಬ ಆಗಿಹೋಯಿತು.

ಪೂಜೆ ಸಾಂಗವಾಗಿ ನಡೆಯಿತು. ಸಂಜೆಯ ಹೊತ್ತಿಗೆ ಗ್ರೂಪಿನಲ್ಲಿ ಎಲ್ಲರೂ ತಮ್ಮ ತಮ್ಮ ಲಕ್ಷ್ಮಿಯ ಒಳಗುಟ್ಟು ಹೇಳಿಕೊಂಡಿದ್ದರು. ಒಬ್ಬರದು ಅಕ್ಕಿ ಡ್ರಮ್ಮು, ಇನ್ನೊಬ್ಬರದು ಬಿಂದಿಗೆ. ಇಷ್ಟು ಸ್ಪಷ್ಟವಾದ ಫೋಟೋ ತೆಗೆದ ಪುಣ್ಯಾತ್ಮ ಯಾರು ಎಂದು ಒಬ್ಬರಾದರೂ ಕೇಳಿಯಾರು ಎಂದು ನಾನು ಮೊಬೈಲು ಹಿಡಿದುಕೊಂಡೇ ಕೂತಿದ್ದೆ. ಕೊನೆಗೂ ಕೇಳಿದರು.

ಬಕೆಟ್ಟಿಗೆ ಹಿಡಿ ಇದೆಯಾ ಅಂತ!