ಹಗರಣದಲ್ಲಿ ನನ್ನ ವೇಷ

ನಗಿಸುವವನಿಗೆ ಒಂದು ದೊಡ್ಡ ತೊಂದರೆಯಿದೆ. ಅವನನ್ನು ಏನೆಂದು ಕರೆಯಬೇಕು ಎನ್ನುವುದು ಅವನ ಕೈಯಲ್ಲಿಲ್ಲ. ಡಾಕ್ಟರನ್ನು ಊರೆಲ್ಲ ಡಾಕ್ಟರೆನ್ನುತ್ತದೆ, ಕಂಡಕ್ಟರನ್ನು ಕಂಡಕ್ಟರೆನ್ನುತ್ತದೆ. ನನ್ನ ಪಾಡು ನೋಡಿ. ಹೊನ್ನಾವರ ಪೇಟೆಯಲ್ಲಿ ನನ್ನದೊಂದು ಪುಟ್ಟ ಕನ್ನಡಕದ ಅಂಗಡಿ. ಕನ್ನಡಕ ಕೊಳ್ಳುವವರಿಗಿಂತ ನನ್ನ ಮಾತು ಕೇಳಿ, ನಕ್ಕು, ಹಳೇ ಕನ್ನಡಕವನ್ನೇ ಒರೆಸಿಕೊಂಡು ಹೋಗುವವರು ಹೆಚ್ಚು. ಪಕ್ಕದ ಮೊಬೈಲ್ ಅಂಗಡಿಯವನಿಗೆ ನಾನು 'ಕಾಮಿಡಿ ಪೀಸು'. ಮೀನು ಮಾರುವ ಕೊಂಕಣಿ ಹೆಂಗಸಿಗೆ 'ಮಸ್ಕಿರಿ ಮನುಷ್ಯ'. ಹೀಗೆ ಅನ್ನುವಾಗ ಅವಳು ಚಿಲ್ಲರೆ ಕೊಡಲು ಮರೆಯುತ್ತಾಳೆ. ಭಟ್ಕಳದಿಂದ ಫ್ರೇಮು ತಂದುಕೊಡುವ ಸಾಹೇಬರು 'ಮಸ್ಖರಾ' ಎಂದು ಬೆನ್ನು ತಟ್ಟುತ್ತಾರೆ. ಸಂಸ್ಕೃತದ ನಿವೃತ್ತ ಮಾಸ್ತರರೊಬ್ಬರು ಒಮ್ಮೆ ಪ್ರೀತಿಯಿಂದಲೇ ವಿದೂಷಕ ಎಂದರು. ನನಗೆ ಅದು ಲಿವರಿನ ಕಾಯಿಲೆಯ ಹೆಸರಿನಂತೆ ಕೇಳಿಸಿತು. ನನ್ನ ಮಾವನವರು ಮಾತ್ರ ಮದುವೆಯಾದ ವಾರದಲ್ಲೇ 'ಕೋಡಂಗಿ' ಎಂದು ತೀರ್ಮಾನಿಸಿದವರು ಇಂದಿನವರೆಗೂ ಬದಲಿಸಿಲ್ಲ.

ಇದರಲ್ಲಿ ಮೇಲು ಯಾವುದು, ಕೀಳು ಯಾವುದು ಎಂದು ನನಗೆ ಹೇಳಿಕೊಟ್ಟದ್ದು ಅಜ್ಜಿ. ಯಕ್ಷಗಾನ ನೋಡಿ ನೋಡಿಯೇ ಮುದುಕಿಯಾದವಳು ಅವಳು. ಆಟದ ಶುರುವಿಗೆ ಕೋಡಂಗಿಗಳು ಬಂದು ಕುಣಿಯುತ್ತಾರಲ್ಲ, ಆಗ ಜನ ಚಾಪೆ ಹಾಸಿಕೊಳ್ಳುತ್ತ ಇರುತ್ತಾರೆ, ಯಾರೂ ತಲೆ ಎತ್ತುವುದಿಲ್ಲ. ಹಾಸ್ಯಗಾರ ಬಂದರೆ ಮಲಗಿದವರೂ ಎದ್ದು ಕೂರುತ್ತಾರೆ. ಇಷ್ಟೇ ವ್ಯತ್ಯಾಸ ಎನ್ನುತ್ತಿದ್ದಳು. ಅವತ್ತಿನಿಂದ ನನಗೊಂದೇ ಆಸೆ: ನಾಲ್ಕು ಜನರ ಎದುರು, ಸಾಧ್ಯವಾದರೆ ಮಾವನವರ ಎದುರು, ಯಾರಾದರೂ ನನ್ನನ್ನು ಹಾಸ್ಯಗಾರ ಎನ್ನಬೇಕು.

ಅದಕ್ಕೆ ನಮ್ಮೂರಲ್ಲಿ ಒಂದೇ ಜಾಗ, ಹಗರಣ. ಪೇಪರಿನಲ್ಲಿ ಬರುವ ಹಗರಣವಲ್ಲ. ಕುಮಟಾ ಕಡೆಯ ನಮ್ಮ ಹಳ್ಳಿಗಳಲ್ಲಿ ಸುಗ್ಗಿಯ ಹೊತ್ತಿಗೆ ಊರವರದೇ ವೇಷ ಹಾಕಿ, ಊರವರ ಎದುರೇ ಅವರ ನಡೆ, ನುಡಿ, ಕೆಮ್ಮುಗಳನ್ನೆಲ್ಲ ಅಣಕಿಸುವುದಿದೆ. ಸಿಟ್ಟು ಮಾಡುವಂತಿಲ್ಲ. ನಿಜ ಹೇಳಬೇಕೆಂದರೆ ಯಾರಿಗೂ ಸಿಟ್ಟು ಬರುವುದಿಲ್ಲ. ತಮ್ಮ ವೇಷ ಬಾರದೆ ಹೋದವರಿಗೆ ಮಾತ್ರ ಬರುತ್ತದೆ. ಪೋಸ್ಟಿನವರ ವೇಷ ಬಂದಿದೆ, ದೋಣಿ ಮಾಲಕರದು ಬಂದಿದೆ. ಗ್ಯಾಸ್ ಸಿಲಿಂಡರಿನವನ ಜೊತೆ ಜಗಳವಾಡುವ ನನ್ನ ಹೆಂಡತಿಯ ವೇಷ ಎರಡು ಸಲ ಬಂದಿದೆ. ಅವಳು ಮೊದಲ ಸಲ ಮೂರು ದಿನ ಮುಖ ಊದಿಸಿಕೊಂಡಿದ್ದಳು. ಮರುವರ್ಷ ಗುರುತು ಸಿಗಲಿ ಎಂದು ಅದೇ ಸೀರೆ ಉಟ್ಟು ಮುಂದಿನ ಸಾಲಲ್ಲಿ ಕೂತಳು. ಊರನ್ನೆಲ್ಲ ನಗಿಸುವ ನನ್ನ ವೇಷ ಮಾತ್ರ ಒಮ್ಮೆಯೂ ಇಲ್ಲ.

ಈ ವರ್ಷ ಮಾವನವರು ಸುಗ್ಗಿಗೆ ನಮ್ಮಲ್ಲೇ ಬಂದು ಉಳಿಯುವವರಿದ್ದರು. ನಾನು ನಾಚಿಕೆ ಬಿಟ್ಟು ಹಗರಣದ ಮುಖ್ಯಸ್ಥ ಮಾಸ್ತಿಯಣ್ಣನ ಹತ್ತಿರ ಹೋದೆ. ಅವನು ಹರಿವೆ ಸೊಪ್ಪಿನ ಮಡಿಗೆ ನೀರು ಬಿಡುತ್ತಿದ್ದ. ಹವಾಮಾನದಿಂದ ಶುರುಮಾಡಿ, ತೆಂಗಿನ ಕಾಯಿಲೆಯಿಂದ ಹರಿವೆಯ ಹುಳದವರೆಗೆ ಸುತ್ತಿ, ಕಡೆಗೆ ವಿಷಯಕ್ಕೆ ಬಂದೆ. ನನ್ನ ವೇಷ ಹಾಕಿದರೆ ನನ್ನ ಅಭ್ಯಂತರವಿಲ್ಲ, ಮೈಕಿನಲ್ಲಿ ಹೇಳುವಾಗ ಹಾಸ್ಯಗಾರ ಎಂದು ಒಂದು ಮಾತು ಸೇರಿಸಿದರೆ ಸಾಕು ಎಂದೆ.

ಮಾಸ್ತಿಯಣ್ಣ ನೀರು ನಿಲ್ಲಿಸಿದ. "ನಿಮ್ದು ಮಾಡೂಕೆ ಪ್ರತಿ ವರ್ಷ ನೋಡ್ತೋ ದತ್ತಣ್ಣ. ಆಗೂದಿಲ್ಲ. ನೀವು ನಡೆದ್ರೆ ಪೋಸ್ಟಿನವ್ರು, ಕೆಮ್ಮಿದ್ರೆ ಡಾಕ್ಟ್ರು, ಸಿಟ್ಟು ಮಾಡಿದ್ರೆ ನಿಮ್ಮ ಮಾವ. ಅದೆಲ್ಲ ಅವ್ರವ್ರಿಗೆ ತಿರ್ಗಿ ಕೊಟ್ರೆ ನಿಮ್ದು ಅಂತ ಉಳಿಯೂದು ಒಂದು ಪಂಚೆ."

ಪಂಚೆಯೂ ಮಾವನವರೇ ಕೊಟ್ಟದ್ದು ಎಂದು ಅವನಿಗೆ ಹೇಳಲಿಲ್ಲ.

ನನ್ನದೇ ಆದ ಒಂದು ಚಾಳಿ ಬೇಕಾಯಿತು. ಅಂಗಡಿಯಲ್ಲಿ ಗಿರಾಕಿಗಳಿಗೆಂದು ಇಟ್ಟ ಕನ್ನಡಿಯ ಎದುರು ನಿಂತು ಎರಡು ಮಧ್ಯಾಹ್ನ ಹುಡುಕಿದೆ. ಮೂಗು ಎಳೆಯುವುದು, ಕಿವಿ ತಿಕ್ಕುವುದು ಎಲ್ಲ ಊರಲ್ಲಿ ಒಬ್ಬೊಬ್ಬರ ಪಾಲಾಗಿತ್ತು. ಕಡೆಗೆ ಎಡಭುಜ ಖಾಲಿ ಸಿಕ್ಕಿತು. ಪ್ರತಿ ಮಾತಿನ ಕೊನೆಗೆ ಅದನ್ನು ಒಮ್ಮೆ ಹಾರಿಸುವುದು ಎಂದು ನಿಶ್ಚಯಿಸಿದೆ. ಮೊದಲ ದಿನವೇ ಮೀನು ಮಾರುವವಳು ನನಗೆ ಗಾಳಿ ಸೋಕಿದೆಯೆಂದು ಒಂದು ತಾಯತ ತಂದಳು. ಭಟ್ಕಳದ ಸಾಹೇಬರು ತಮ್ಮ ಪರಿಚಯದ ಹಕೀಮರ ನಂಬರು ಕೊಟ್ಟರು. ಹೆಂಡತಿ ಸಂಜೆ ಸಂಜೆ ತೆಂಗಿನೆಣ್ಣೆ ಬಿಸಿ ಮಾಡಿ ಭುಜ ತಿಕ್ಕತೊಡಗಿದಳು. ಅಷ್ಟಾದರೂ ಸಹಿಸಬಹುದಿತ್ತು. ವಾರ ಕಳೆಯುವುದರೊಳಗೆ ಅಂಗಡಿಗೆ ಬರುವವರೆಲ್ಲ, ನನ್ನ ಜೊತೆ ಮಾತಾಡಿ ಮಾತಾಡಿ, ತಮಗೆ ತಿಳಿಯದೆಯೇ ಎಡಭುಜ ಹಾರಿಸತೊಡಗಿದರು. ಮೊಬೈಲ್ ಅಂಗಡಿಯವನದು ನನಗಿಂತ ಚೆನ್ನಾಗಿ ಹಾರುತ್ತಿತ್ತು. ನನ್ನದಾಗಿದ್ದ ಒಂದೇ ಒಂದು ಚಾಳಿಯೂ ಹೀಗೆ ಸಾರ್ವಜನಿಕವಾಯಿತು.

ಹಗರಣದ ದಿನ ಬಿಸಿಲು ಇಳಿಯುವ ಮೊದಲೇ ಹೋಗಿ ಮುಂದಿನ ಸಾಲಲ್ಲಿ ಚಾಪೆ ಹಾಸಿದೆ. ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಮಾವನವರು. ವೇಷಗಳು ಒಂದರ ಹಿಂದೆ ಒಂದು ಬಂದವು. ಪ್ರತಿ ಸಲ ಮೈಕು ಬಾಯಿ ತೆರೆದಾಗಲೂ ನಾನು ಪಂಚೆ ಸರಿಮಾಡಿಕೊಂಡೆ. ನಾನು ಬರಲಿಲ್ಲ. ಜನ ಶೇಂಗಾ ತಿನ್ನುತ್ತ ಅವರವರ ಮನೆ ಸುದ್ದಿಗೆ ಇಳಿದರು. ಆಗ ಮಾಸ್ತಿಯಣ್ಣ ಮೈಕಿನಲ್ಲಿ, ಈಗ ಬರುವವರಿಗೆ ಹೆಸರಿಲ್ಲ, ನೋಡಿದರೆ ಗೊತ್ತಾಗುತ್ತದೆ ಎಂದ.

ಒಬ್ಬ ಬಂದ. ವೇಷವೇ ಇಲ್ಲ, ಬರೀ ಪಂಚೆ. ಪೋಸ್ಟಿನವರ ವೇಷದ ಹಿಂದೆ ನಿಂತು ಅವರಂತೆ ನಡೆದ. ಕೂಡಲೇ ಜನರ ಕಡೆ ಕತ್ತು ಚಾಚಿ, ಒಂದೊಂದೇ ಮುಖ ನೋಡಿ, ನಕ್ಕರೋ ಇಲ್ಲವೋ ಎಂದು ಪರೀಕ್ಷಿಸಿದ. ನಗದವನೊಬ್ಬ ಸಿಕ್ಕರೆ ಅವನೆದುರೇ ಕುಕ್ಕರಗಾಲಲ್ಲಿ ಕೂತು, ಡಾಕ್ಟರಂತೆ ಕೆಮ್ಮಿ, ದೋಣಿ ಮಾಲಕರಂತೆ ಬೈದು, ಮತ್ತೆ ಅವನ ಮುಖವನ್ನೇ ದೀನನಾಗಿ ನೋಡಿದ. ಶೇಂಗಾ ತಿನ್ನುವವರು ನಿಲ್ಲಿಸಿದರು. ಗೋಡೆಗೆ ಒರಗಿದವರು ಎದ್ದು ಕೂತರು. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಂಥ ಪೆದ್ದನೂ ನಮ್ಮೂರಲ್ಲಿ ಇದ್ದಾನೆಯೇ ಎನಿಸಿತು. ಜನರಿಗೂ ಹಾಗೇ ಅನಿಸುತ್ತಿದೆಯೋ ನೋಡೋಣವೆಂದು ಕತ್ತು ಚಾಚಿ ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಹಿಂದಿನ ಸಾಲಿಗೂ ತಿರುಗಿದೆ. ಎಲ್ಲರೂ ನಗುತ್ತಿದ್ದರು. ವಿಚಿತ್ರವೆಂದರೆ ಯಾರೂ ಆ ವೇಷವನ್ನು ನೋಡುತ್ತಿರಲಿಲ್ಲ.

"ಯಾರೇ ಇದು?" ಎಂದು ಹೆಂಡತಿಯನ್ನು ಕೇಳಿದೆ.

"ಕತ್ತು ಒಳಗೆ ತಕಳಿ," ಎಂದಳು ಅವಳು. "ನೀವೇ."

ಮಾವನವರು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ಹಲ್ಲನ್ನು ನಾನು ನೋಡಿದ್ದು ಅದೇ ಮೊದಲು.

ಮನೆಗೆ ಬರುವ ದಾರಿಯಲ್ಲಿ ಸುಧಾರಿಸಿಕೊಂಡು ಲೆಕ್ಕ ಹಾಕಿದೆ. ಒರಗಿದವರು ಎದ್ದು ಕೂತದ್ದು ನಿಜ. ಅಜ್ಜಿಯ ಅಳತೆಯಲ್ಲಿ ಅದು ಹಾಸ್ಯಗಾರನ ಗುರುತು. ಹಾಗಾದರೆ ಹೆಸರು ಹೇಳದೆಯೂ ನನಗೆ ಆ ಹೆಸರು ಸಿಕ್ಕಿದಂತಾಯಿತಲ್ಲ ಎಂದು ಹೆಂಡತಿಗೆ ವಿವರಿಸಿದೆ.

"ಹಾಸ್ಯಗಾರ ಆ ವೇಷ ಹಾಕ್ದವ," ಎಂದಳು. "ನೀವು ಅವ್ನ ಸಾಮಾನು. ಅವ ಕುಣಿವಾಗ ಚಾಪೆ ಮೇಲೆ ಕೂತು ನಕ್ಕವ್ರು ನೀವೇ ಅಲ್ದಾ?"

ನಾನು ಕೇಳಿಕೊಳ್ಳದೆಯೇ ಎಡಭುಜ ಒಮ್ಮೆ ತಾನಾಗಿ ಹಾರಿತು. ಅವಳು ನಕ್ಕಳೋ ಎಂದು ಕತ್ತು ಚಾಚಿ ನೋಡಿದೆ. ನಗಲಿಲ್ಲ. ಮನೆ ಮುಟ್ಟಿದ ಕೂಡಲೇ ಎಣ್ಣೆ ಬಿಸಿ ಮಾಡುತ್ತೇನೆ ಎಂದಳು.