ನಾಲ್ಕು ಪವನಿನ ಸರವನ್ನು ಎಲ್ಲಿಡುವುದು?

ಚಿನ್ನ ಇಲ್ಲದವನಿಗೆ ಒಂದೇ ಚಿಂತೆ, ಇದ್ದವನಿಗೆ ಅದನ್ನು ಇಡುವ ಜಾಗದ ಚಿಂತೆ. ಪುತ್ತೂರು ಪೇಟೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕೂತು ಚಿನ್ನದ ಕೆಲಸ ಮಾಡುತ್ತಿದ್ದ ನನಗೆ ಇಂಥ ಚಿಂತೆ ವಾರಕ್ಕೊಂದಾದರೂ ಕೇಳಸಿಗುತ್ತಿತ್ತು. ಒಡವೆ ಮಾಡಿಸಿಕೊಂಡವರು ಹೊರಡುವಾಗ ಸ್ವರ ತಗ್ಗಿಸಿ, "ಆಚಾರ್ರೇ, ಇದನ್ನು ಎಲ್ಲಿ ಇಡುದು?" ಎಂದು ಕೇಳುವುದಿತ್ತು. ನಾನು ದೊಡ್ಡ ತಿಳಿದವನ ಹಾಗೆ ಏನಾದರೂ ಹೇಳುತ್ತಿದ್ದೆ. ನನ್ನ ಮನೆಯಲ್ಲೇ ಆ ಪ್ರಶ್ನೆಗೆ ಉತ್ತರ ಇರಲಿಲ್ಲ.

ನಮ್ಮಲ್ಲಿ ಇದ್ದದ್ದು ಒಂದೇ ಒಂದು ಸರ. ನಾಲ್ಕು ಪವನಿನದು, ತೂಕದಲ್ಲಿ ಮೂರು ತೊಲೆಗೆ ಸ್ವಲ್ಪ ಕಡಿಮೆ, ಹೆಂಡತಿಗೆ ಅವಳ ತಾಯಿ ಕೊಟ್ಟದ್ದು. ಅವಳು ಅದನ್ನು ಹಾಕಿಕೊಂಡದ್ದೇ ಕಡಿಮೆ. "ನಿಮ್ಮ ಕೈ ನಿಂತ ದಿನ ನಾವು ಉಣ್ಣುದು ಇದರಿಂದ" ಎನ್ನುತ್ತಿದ್ದಳು. ಆ ದಿನ ಬರುವವರೆಗೆ ಅದನ್ನು ಕಾಯುವುದೇ ನಮ್ಮ ಸಂಸಾರವಾಯಿತು.

ಅಕ್ಕಿ ಮುಡಿ

ಸರ ಮೊದಲು ಇದ್ದದ್ದು ಅಕ್ಕಿ ಮುಡಿಯೊಳಗೆ. ಬೈಹುಲ್ಲಿನಲ್ಲಿ ಅಕ್ಕಿ ತುಂಬಿ ಉರುಟಾಗಿ ಬಿಗಿದು ಕಟ್ಟಿದ ಮುಡಿಯನ್ನು ಯಾವ ಕಳ್ಳ ಬಿಚ್ಚುತ್ತಾನೆ? ಈ ಉಪಾಯ ನನ್ನದೇ. ಮಂಡೆಕೋಲು ಗ್ರಾಮದ ಒಬ್ಬ ಗೇಣಿ ಒಕ್ಕಲಿಗೂ ನಾನೇ ಹೇಳಿಕೊಟ್ಟಿದ್ದೆ.

ಅವರು ಒಂದು ದಿನ ಬಂದು ಅಂಗಡಿಯ ಜಗಲಿಯಲ್ಲಿ ತಲೆಗೆ ಕೈಕೊಟ್ಟು ಕೂತರು. ಹೆಂಡತಿಯ ಬೆಳ್ಳಿಯ ಸೊಂಟಪಟ್ಟಿಯನ್ನು ಮುಡಿಯೊಳಗೆ ಕಟ್ಟಿದ್ದರು. ಅವರಿಲ್ಲದಾಗ ಅವರ ತಮ್ಮನೇ ಅಟ್ಟದಿಂದ ನಾಲ್ಕು ಮುಡಿ ಇಳಿಸಿ ಧಣಿಗಳ ಮನೆಗೆ ಗೇಣಿ ಹಾಕಿ ಬಂದಿದ್ದ. ಉಳಿದ ಮುಡಿಗಳನ್ನೆಲ್ಲ ಬಿಚ್ಚಿ ನೋಡಿದರೆ ಬರೀ ಅಕ್ಕಿ.

"ಧಣಿಗಳ ಹತ್ತಿರ ಹೋಗಿ ಹೇಳಬಾರದಾ?" ಎಂದೆ.

"ಬೆಳ್ಳಿ ಉಂಟು ಅಂತ ಗೊತ್ತಾದರೆ ಬರುವ ವರ್ಷ ಗೇಣಿ ಏರಿಸುದಿಲ್ವಾ ಮಾರಾಯ್ರೆ? ಅದಕ್ಕೆ, ಆ ಅಕ್ಕಿಗೆ ಹುಳ ಬಿದ್ದಿದೆ, ಬದಲಿಸಿ ಕೊಡ್ತೇನೆ ಅಂತ ಹೇಳಿದೆ."

"ಒಳ್ಳೆ ಉಪಾಯ. ಧಣಿಗಳು ಎಂತ ಹೇಳಿದ್ರು?"

"ನಿನ್ನಂಥ ಸತ್ಯವಂತ ಒಕ್ಕಲು ನನಗೆ ಬೇರೆ ಇಲ್ಲ ಅಂದ್ರು. ಬೇರೆ ನಾಲ್ಕು ಮುಡಿ ತಂದು ಹಾಕು, ಹುಳ ಬಿದ್ದದ್ದು ನಮ್ಮ ದನಗಳಿಗೆ ಇರಲಿ ಅಂದ್ರು."

ಮೂರು ಹೆಜ್ಜೆ

ಆ ಸಂಜೆಯೇ ನನ್ನ ಹೆಂಡತಿ ನಮ್ಮ ಮುಡಿ ಬಿಚ್ಚಿ ಸರವನ್ನು ಹಿತ್ತಲಲ್ಲಿ ಹೂತಳು. ಮಣ್ಣಿಗಿಂತ ಭದ್ರ ಯಾವುದೂ ಇಲ್ಲ ಎಂದು ನನಗೂ ಸಮಾಧಾನವಾಯಿತು. ಆ ಸಮಾಧಾನ ಕಡಬದ ಒಬ್ಬ ಅಜ್ಜಿಯ ಮಗ ಅಂಗಡಿಗೆ ಬರುವವರೆಗೆ ಮಾತ್ರ.

ಆ ಅಜ್ಜಿಗೆ ಬಳೆ ಮಾಡಿಕೊಟ್ಟವರು ನಮ್ಮ ಅಪ್ಪ. ಅದನ್ನವಳು ತಂಬಿಗೆಯಲ್ಲಿ ಹಾಕಿ ಹೂತಿದ್ದಳು, ಬಾವಿಕಟ್ಟೆಯಿಂದ ಮೂಡುದಿಕ್ಕಿಗೆ ಮೂರು ಹೆಜ್ಜೆ. ಈ ಮಗನಿಗೆ ಕಾಯಿಲೆಯಾಗಿ ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದಾಗ ಮನೆಯವರು ಅಗೆದರೆ ಅಲ್ಲಿ ಏನೂ ಇಲ್ಲ. ನಾಲ್ಕು ಹೆಜ್ಜೆಗೆ ಅಗೆದರು, ಐದಕ್ಕೂ ಅಗೆದರು.

"ಅಮ್ಮ, ಸರಿಯಾಗಿ ಹೇಳು. ಎಷ್ಟು ಹೆಜ್ಜೆ?"

"ಮೂರೇ. ಆದರೆ ಅದು ನಾನು ಮದುವೆಯಾಗಿ ಬಂದಾಗಿನ ಹೆಜ್ಜೆ. ಈಗಿನದ್ದಲ್ಲ."

ಆಗಿನ ಹೆಜ್ಜೆಯನ್ನು ಈಗ ಯಾರಿಂದ ಹಾಕಿಸುವುದು? ಹಿತ್ತಲಿಡೀ ಗುಂಡಿ ತೋಡಿದರು. ಕಾಯಿಲೆ ತನ್ನಷ್ಟಕ್ಕೆ ಗುಣವಾಯಿತು, ಪುಣ್ಯ. "ಸಿಕ್ಕಿತಾ ಕಡೆಗೆ?" ಎಂದು ಕೇಳಿದೆ.

"ಎಲ್ಲಿಂದ? ಅಷ್ಟು ಗುಂಡಿ ಸುಮ್ಮನೆ ಯಾಕೆ ಬಿಡುದು ಅಂತ ಬಾಳೆ ನೆಟ್ಟಿದ್ದೇವೆ. ಗೊನೆ ಲಾಯ್ಕ ಬಂದಿದೆ, ಒಂದು ತರಲಾ?"

ಭಂಡಾರ

ಮತ್ತೆ ನಮ್ಮ ಸರ ಮಣ್ಣಿನಿಂದ ಮೇಲೆ ಬಂತು. ಹೆಂಡತಿಗೆ ನಿದ್ದೆ ಇಲ್ಲ, ನನಗೆ ಊಟ ಸೇರುವುದಿಲ್ಲ.

ಬೆಟ್ಟಂಪಾಡಿಯ ಒಂದು ದೊಡ್ಡ ಮನೆತನದ ಭೂತದ ಬೆಳ್ಳಿಯ ಮೊಗ, ಖಡ್ಗಗಳನ್ನು ಪ್ರತಿ ವರ್ಷ ಭೂತ ಮೈಮೇಲೆ ಬಂದು ನುಡಿ ಕೊಡುವ ನೇಮದ ಮೊದಲು ಹುಳಿ ಹಾಕಿ ಬೆಳಗಿಸಿ ಕೊಡುವವನು ನಾನೇ. ಅಲ್ಲಿನ ಯಜಮಾನರ ಹತ್ತಿರ ನನ್ನ ಕಷ್ಟ ಹೇಳಿಕೊಂಡೆ. ಅವರು ನಕ್ಕುಬಿಟ್ಟರು. "ಭೂತದ ಭಂಡಾರದ ಪೆಟ್ಟಿಗೆಯಲ್ಲಿ ಇಡಿ ಆಚಾರ್ರೇ. ಅದಕ್ಕೆ ಕೈ ಹಾಕುವ ಗಂಡು ಈ ಸೀಮೆಯಲ್ಲಿ ಹುಟ್ಟಲಿಲ್ಲ." ಇಟ್ಟೆ. ಆರು ವರ್ಷ ಗಂಡ ಹೆಂಡತಿ ಸುಖವಾಗಿ ನಿದ್ದೆ ಮಾಡಿದೆವು.

ಅರವತ್ತಮೂರನೇ ಇಸವಿಯಲ್ಲಿ ಚಿನ್ನದ ಕಾನೂನು ಬಂತು. ಹದಿನಾಲ್ಕು ಕ್ಯಾರೆಟಿಗಿಂತ ಮೇಲಿನ ಒಡವೆ ಹೊಸದಾಗಿ ಮಾಡಬಾರದು. "ಅದು ಹಿತ್ತಾಳೆ, ಯಾರಿಗೆ ಬೇಕು?" ಎಂದು ಗಿರಾಕಿಗಳು ಹೋದರು. ನನ್ನ ಅಗ್ಗಿಷ್ಟಿಕೆ ತಣ್ಣಗಾಯಿತು. ಜೊತೆಯ ಒಬ್ಬ ಆಚಾರಿ ಬೀಡಿ ಕಟ್ಟಲು ಕೂತ. ನಮ್ಮ ಮನೆಯಲ್ಲಿ ಗಂಜಿಯ ನೀರು ಹೆಚ್ಚಾಯಿತು, ಅನ್ನ ಕಡಿಮೆಯಾಯಿತು. ನನಗೆ ಬೇರೆ ಕೆಲಸ ಬಾರದು, ಕಲಿಯುವ ಪ್ರಾಯವೂ ಅಲ್ಲ. ಹೆಂಡತಿ ಮೆಲ್ಲಗೆ, "ಇನ್ನು ತನ್ನಿ" ಎಂದಳು.

ಬೆಟ್ಟಂಪಾಡಿಗೆ ಹೋದರೆ ಯಜಮಾನರು ತೀರಿಕೊಂಡು ತಿಂಗಳಾಗಿತ್ತು. ಅಳಿಯಸಂತಾನದ ಮನೆ, ಯಜಮಾನಿಕೆ ಸೋದರಳಿಯನಿಗೆ ಬಂದಿತ್ತು. "ಮಾವ ನನಗೆ ಎಂತದೂ ಹೇಳಿಲ್ಲ. ಭಂಡಾರದ್ದು ನಾನು ಹೇಗೆ ಕೊಡುದು? ನೇಮದ ದಿನ ಕೇಳುವ" ಎಂದರು.

ನೇಮದ ದಿನ ಬೆಳಗಾಗುವಾಗ ಊರವರ ಎದುರು ಕೈಮುಗಿದು ನಿಂತು ನಿಜವನ್ನೇ ಹೇಳಿದೆ. ಭೂತ ಪೆಟ್ಟಿಗೆಯಿಂದ ಸರವನ್ನು ಖಡ್ಗದ ತುದಿಯಲ್ಲಿ ಎತ್ತಿ ಎಲ್ಲರಿಗೂ ತೋರಿಸಿತು. "ಭಂಡಾರದ ಒಳಗೆ ಹೋದದ್ದು ಹೊರಗೆ ಬರುವ ಕ್ರಮ ಉಂಟಾ?" ಎಂದು ತುಳುವಿನಲ್ಲಿ ಕೇಳಿತು. "ಇಲ್ಲ" ಎಂದಿತು ಊರು, ಒಂದೇ ಸ್ವರದಲ್ಲಿ. ಭೂತ ನನ್ನ ಕಡೆಗೆ ತಿರುಗಿತು.

"ಹೆದರಬೇಡ, ನಿನ್ನ ಕೈಯನ್ನು ನಾನು ಕಾಯುತ್ತೇನೆ. ಇದನ್ನು ಕರಗಿಸಿ ನನ್ನ ಖಡ್ಗದ ಹಿಡಿಗೆ ಚಿನ್ನದ ಕಟ್ಟು ಹಾಕಿಕೊಡು."

ಮುಳುಗುವವನ ಹಾಗೆ ಕಡೆಯ ಹುಲ್ಲುಕಡ್ಡಿ ಹಿಡಿದೆ. "ಸ್ವಾಮಿ, ಈ ಚಿನ್ನದಲ್ಲಿ ಹೊಸದು ಮಾಡಲಿಕ್ಕೆ ಅಪ್ಪಣೆ ಇಲ್ಲ."

"ಯಾರ ಅಪ್ಪಣೆ?"

"ದೆಹಲಿಯವರದ್ದು."

"ದೆಹಲಿಯವರಿಗೆ ನಾನು ಹೇಳಿಕೊಳ್ಳುತ್ತೇನೆ. ನೀನು ಬೆಂಕಿ ಹೊತ್ತಿಸು."

ಆ ವರ್ಷ ನನಗೆ ಸಿಕ್ಕಿದ ಕೆಲಸ ಅದೊಂದೇ. ಭೂತದ ಕೆಲಸಕ್ಕೆ ಕೂಲಿ ಕೇಳುವ ಕ್ರಮವೂ ನಮ್ಮಲ್ಲಿ ಇಲ್ಲ. ಬೆಂಕಿ ಹೊತ್ತಿಸಿ ಸರವನ್ನು ಮೂಸೆಗೆ ಹಾಕುವಾಗ ನನಗೆ ಕಣ್ಣು ಕಾಣಲಿಲ್ಲ. ಹೊಗೆಯಿಂದ ಅಲ್ಲ, ಅಳುತ್ತಿದ್ದೆ. ಅರ್ಧ ಊದಿ ಊದುಕೊಳವೆಯನ್ನು ಕೆಳಗಿಟ್ಟೆ. ಹೆಂಡತಿ ಹತ್ತಿರ ಬಂದು ಕೂತು, ಕರಗುತ್ತಿದ್ದ ಚಿನ್ನವನ್ನು ತುಂಬ ಹೊತ್ತು ನೋಡಿದಳು. ಮತ್ತೆ ಕೊಳವೆಯನ್ನು ಎತ್ತಿ ನನ್ನ ಕೈಗೆ ಕೊಟ್ಟಳು.

"ಸ್ವಲ್ಪ ಚಂದ ಮಾಡಿ ಮಾರಾಯ್ರೆ. ನನ್ನದೇ ಅಲ್ವಾ?"